ಕ್ಯಾರಿಯರ್ ಹಾಕಿಸಿದ ಮೇಲೆ

ಹಾಸನ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಒಲೆಯ ಮೇಲೆ ಹಾಲಿತ್ತು, ಮಗಳು ಹೋಂವರ್ಕ್ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. "ದಿನಾ ಸೈಕಲ್ಲಲ್ಲೇ ಕೆಲಸಕ್ಕೆ ಹೋಗ್ತೀಯಂತೆ, ನಿಜಾನಾ? ನಂದು ಬಾಲ್ಕನಿಯಲ್ಲಿ ಟವೆಲ್ ಒಣಗಿಸೋಕೆ ಆಗಿದೆ" ಅಂದೆಯಲ್ಲ, ಆ ಮಾತು ಮನಸ್ಸಿನಲ್ಲೇ ಉಳಿದುಬಿಟ್ಟಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿಜ ಕಣೋ. ಹದಿಮೂರು ತಿಂಗಳಾಯಿತು.

ನಾಲ್ಕು ವರ್ಷದ ಹಿಂದೆ ನಾನೂ ನಿನ್ನ ಹಾಗೆಯೇ ಒಂದು ಗೇರ್ ಸೈಕಲ್ ತಂದಿದ್ದೆ. ತೂಕ ಇಳಿಸಿ ಅಂತ ಡಾಕ್ಟರು ಹೇಳಿದ್ದರು. ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ. ನಾಲ್ಕು ಭಾನುವಾರ ಬೆಳಿಗ್ಗೆ ಗೊರೂರು ರಸ್ತೆಯಲ್ಲಿ ಹೋಗಿಬಂದೆ. ಐದನೇ ಭಾನುವಾರ ಮಳೆ. ಆರನೆಯದಕ್ಕೆ ನೆಂಟರ ಮದುವೆ. ಅಲ್ಲಿಂದ ಸೈಕಲ್ ಮೆಟ್ಟಿಲ ಕೆಳಗೆ ಸೇರಿತು.

ಹೋದ ವರ್ಷ ಸ್ಕೂಟರ್ ಕೆಟ್ಟು ಗ್ಯಾರೇಜಿನಲ್ಲಿ ನಿಂತಾಗ, ಎರಡು ದಿನದ ಮಟ್ಟಿಗೆ ಆಗುತ್ತಲ್ಲ ಅಂತ ಸೈಕಲ್ಲನ್ನು ಹೊರಗೆ ತೆಗೆದೆ. ಎರಡೂ ಚಕ್ರ ನೆಲಕ್ಕೆ ಅಂಟಿದ್ದವು. ತಳ್ಳಿಕೊಂಡು ಪಂಕ್ಚರ್ ಅಂಗಡಿಗೆ ಹೋದೆ. ಆ ಯಜಮಾನರು ಟ್ಯೂಬ್ ಹೊರಗೆಳೆದು, ಸ್ವಲ್ಪ ಗಾಳಿ ತುಂಬಿ, ನೀರಿನ ಬೋಗುಣಿಯಲ್ಲಿ ಗೇಣು ಗೇಣಾಗಿ ಮುಳುಗಿಸುತ್ತಾ ಹೋದರು. ಒಂದು ಕಡೆ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಅಲ್ಲಿ ಹೆಬ್ಬೆರಳು ಒತ್ತಿ, ಒರೆಸಿ, ಉಜ್ಜಿ, ಸಲ್ಯೂಷನ್ ಹಚ್ಚಿದರು. ತಕ್ಷಣ ಪ್ಯಾಚ್ ಹಾಕಲಿಲ್ಲ. ಸಲ್ಯೂಷನ್ ಒಣಗಲಿ ಅಂತ ಊದುತ್ತಾ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದರು. "ಕ್ಯಾರಿಯರ್ ಇಲ್ದೆ ಇದರಲ್ಲಿ ಏನು ತಗೊಂಡು ಹೋಗ್ತೀರಿ ಸಾರ್?" ಅಂತ ಕೇಳಿದರು.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಚಿಕ್ಕಂದಿನಲ್ಲಿ ಸೈಕಲ್ ಅಂದರೆ ಹೊರೆ ಹೊರುವ ಗಾಡಿಯೇ ಆಗಿತ್ತು, ಅಲ್ವಾ? ನಿನಗೆ ನೆನಪಿರಬೇಕು. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಮರುವರ್ಷ ನಮ್ಮ ಸರದಿ. ಅಲ್ಲಿಯವರೆಗೆ ಅಪ್ಪನ ದೊಡ್ಡ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದವರು ನಾವು. ನಿನ್ನ ಸೈಕಲ್ ನಿಮ್ಮಣ್ಣ ಕೆಲಸಕ್ಕೆ ಒಯ್ಯುತ್ತಿದ್ದ. ಹಾಗಾಗಿ ಮೂರು ವರ್ಷವೂ ನೀನು ನನ್ನ ಕ್ಯಾರಿಯರ್ ಮೇಲೆ, ಎರಡೂ ಬ್ಯಾಗು ನಿನ್ನ ತೊಡೆಯ ಮೇಲೆ. ಕೆರೆ ಏರಿ ಬಂದಾಗ ನೀನು ಇಳಿದು ಹಿಂದಿನಿಂದ ತಳ್ಳುತ್ತಿದ್ದೆ. ನಾವು ಶಾಲೆಗೆ ಹೊರಡುವ ಮೊದಲು ಅದೇ ಸೈಕಲ್ಲಿನಲ್ಲಿ ಅಪ್ಪ ಡೈರಿಗೆ ಹಾಲು ಹಾಕಿ ಬಂದಿರುತ್ತಿದ್ದರು. ವ್ಯಾಯಾಮ ಅನ್ನುವ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಆ ವಾರ ಊರಿಗೆ ಹೋದಾಗ ಕೊಟ್ಟಿಗೆಯಲ್ಲಿ ಹುಡುಕಿದೆ. ಸೈಕಲ್ ಯಾವತ್ತೋ ಗುಜರಿಗೆ ಹೋಗಿತ್ತು. ಕ್ಯಾರಿಯರ್ ಮಾತ್ರ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅಪ್ಪ ಬಿಚ್ಚಿ ಇಟ್ಟಿದ್ದರಂತೆ. ಹಾಲಿನ ಕ್ಯಾನಿನ ತಳ ಉಜ್ಜಿ ಉಜ್ಜಿ ಬಣ್ಣ ಹೋದ ಗುಂಡನೆಯ ಗುರುತು ಇನ್ನೂ ಇದೆ. ಸ್ಪ್ರಿಂಗಿನ ಕ್ಲಿಪ್ಪು ಈಗಲೂ ಬೆರಳು ಕಚ್ಚುವಷ್ಟು ಬಿಗಿ. ತಂದು ಆ ಯಜಮಾನರಿಗೆ ಕೊಟ್ಟೆ. ಕಾಲುಗಳನ್ನು ಸ್ವಲ್ಪ ಬಗ್ಗಿಸಿ, ಸೀಟಿನ ಕೆಳಗೆ ಕ್ಲಾಂಪ್ ಹಾಕಿ ಕೂರಿಸಿಕೊಟ್ಟರು. ಜೊತೆಗೆ ಮಡ್‌ಗಾರ್ಡ್, ಸ್ಟ್ಯಾಂಡು, ಬೆಲ್ಲು, ಹಿಂದೆ ಒಂದು ಕೆಂಪು ದೀಪ. ಸ್ಕೂಟರ್ ರಿಪೇರಿಯಾಗಿ ಬಂತು. ನಾನು ಸೈಕಲ್ ಬಿಡಲಿಲ್ಲ.

ನಿನಗೆ ಹೇಳಬೇಕಿರುವುದು ಇದೇ. ವ್ಯಾಯಾಮಕ್ಕೆ ಅಂತ ಇಟ್ಟುಕೊಂಡರೆ ಸೈಕಲ್ಲಿಗೆ ಬಿಡುವು ಹುಡುಕಬೇಕು. ಗಾಡಿ ಅಂತ ಇಟ್ಟುಕೊಂಡರೆ ಬಿಡುವಿನ ಮಾತೇ ಬರುವುದಿಲ್ಲ, ಕೆಲಸಕ್ಕೆ ಹೇಗೂ ಹೋಗಲೇಬೇಕು. ಆಫೀಸು, ತರಕಾರಿ, ಔಷಧಿ ಅಂಗಡಿ, ಎಲ್ಲದಕ್ಕೂ ಅದೇ.

ಸಾಲಗಾಮೆ ರಸ್ತೆಯ ನಮ್ಮ ಮನೆಯಿಂದ ಡೈರಿ ಸರ್ಕಲ್ ದಾಟಿ ನನ್ನ ಕೆಲಸದ ಜಾಗಕ್ಕೆ ಹೆಚ್ಚುಕಡಿಮೆ ಆರು ಕಿಲೋಮೀಟರ್. ಸ್ಕೂಟರಿಗೆ ಹದಿನೆಂಟು ನಿಮಿಷ ಬೇಕಿತ್ತು, ಸೈಕಲ್ಲಿಗೆ ಇಪ್ಪತ್ತಾರು. ಎಂಟು ನಿಮಿಷ ಜಾಸ್ತಿ, ಅಷ್ಟೇ. ಬೆವರಿನ ಬಗ್ಗೆ ನೀನು ಕೇಳಿದ್ದೆ. ನಮ್ಮೂರು ಇರುವುದು ಸಾವಿರ ಮೀಟರಿಗೆ ಸ್ವಲ್ಪ ಕಡಿಮೆ ಎತ್ತರದಲ್ಲಿ. ಬೆಳಿಗ್ಗೆ ಎಂಟೂವರೆಗೆ ಬೇಸಿಗೆಯಲ್ಲೂ ತಡೆಯುವಂಥ ಬಿಸಿಲು. ಆದರೂ ಒಂದು ಶರ್ಟು ಬ್ಯಾಗಿನಲ್ಲಿ ಇಟ್ಟುಕೊಂಡಿರುತ್ತೇನೆ.

ಕಷ್ಟ ಬೆವರಿನದಲ್ಲ, ಆಷಾಢದ ಗಾಳಿಯದು. ಸಕಲೇಶಪುರದ ಕಡೆಯಿಂದ ನುಗ್ಗಿಬರುತ್ತದಲ್ಲ, ಅದು. ಬೆಳಿಗ್ಗೆ ನಾನು ಪೂರ್ವಕ್ಕೆ ಹೋಗುವಾಗ ಬೆನ್ನು ಹಿಡಿದು ತಳ್ಳುತ್ತದೆ. ಸಂಜೆ ದಣಿದು ವಾಪಸು ಬರುವಾಗ ಎದೆಗೆ ಕೈಕೊಟ್ಟು ನಿಲ್ಲಿಸುತ್ತದೆ, ಜೊತೆಗೆ ಜಡಿಮಳೆ. ಮೊದಲ ಆಷಾಢದಲ್ಲಿ ಗಾಳಿಯ ಜೊತೆ ಗುದ್ದಾಡಿ ಮಂಡಿ ನೋವು ತಂದುಕೊಂಡೆ. ಈಗ ಗಾಳಿ ಎದುರಾದ ಕೂಡಲೇ ಗೇರ್ ಇಳಿಸಿ, ಕಾಲಿಗೆ ಹಗುರ ಮಾಡಿಕೊಂಡು, ಬೇಗ ಬೇಗ ತುಳಿಯುತ್ತೇನೆ. ಮನೆಗೆ ಐದು ನಿಮಿಷ ತಡವಾಗುತ್ತೆ, ಮಂಡಿ ಸುಖವಾಗಿರುತ್ತೆ.

ಮಂಡಿಯ ವಿಷಯಕ್ಕೆ ಇನ್ನೊಂದು ಮಾತು, ಇದನ್ನು ಗಮನವಿಟ್ಟು ಓದು. ನಿನ್ನ ಸೀಟು ಖಂಡಿತ ತಗ್ಗಿನಲ್ಲಿರುತ್ತೆ. ಕೂತಲ್ಲಿಂದಲೇ ಎರಡೂ ಕಾಲು ನೆಲಕ್ಕೆ ಸಿಗಲಿ ಅಂತ ಎಲ್ಲರೂ ಇಳಿಸಿಕೊಳ್ಳುತ್ತಾರೆ. ಗೋಡೆ ಹಿಡಿದು ಕೂರು. ಪೆಡಲ್ ತೀರಾ ಕೆಳಗೆ ಬಂದಾಗ ಹಿಮ್ಮಡಿ ಅದರ ಮೇಲಿಡು. ಆಗ ಕಾಲು ನೆಟ್ಟಗಾಗಬೇಕು. ಹಾಗೆ ಸೀಟು ಏರಿಸಿಕೊಂಡರೆ, ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪ ಮಾತ್ರ ಬಗ್ಗಿರುತ್ತೆ. ಕೂರುವ ಮೂಳೆ ಮೊದಲ ಎರಡು ವಾರ ನೋಯುತ್ತೆ, ಆಮೇಲೆ ತಾನೇ ಹೋಗುತ್ತೆ. ದಪ್ಪ ಮೆತ್ತನೆಯ ಸೀಟು ಕೊಳ್ಳಲು ಹೋಗಬೇಡ.

ಬಿ.ಎಂ. ರಸ್ತೆಯ, ಅಂದರೆ ಬೆಂಗಳೂರು-ಮಂಗಳೂರು ಹೆದ್ದಾರಿಯ ಭಯ ನನಗೆ ಇನ್ನೂ ಹೋಗಿಲ್ಲ. ಒಮ್ಮೆ ಬಸ್ಸೊಂದು ಹಿಂದಿನಿಂದ ಹಾರ್ನ್ ಒತ್ತುತ್ತಾ ಬಂದು, ಮಣ್ಣಿನ ಅಂಚಿಗೆ ನನ್ನನ್ನು ಇಳಿಸಿಬಿಟ್ಟಿತು. ಕೈ ತರಚಿತು, ಅಷ್ಟರಲ್ಲಿ ಮುಗಿಯಿತು. ಅಂದಿನಿಂದ ಆದಷ್ಟೂ ಒಳರಸ್ತೆಗಳಲ್ಲೇ ಹೋಗಿ, ಅನಿವಾರ್ಯವಾದ ಕಡೆ ಮಾತ್ರ ದೊಡ್ಡ ರಸ್ತೆಗೆ ಸೇರುತ್ತೇನೆ. ಅಂಚಿಗೆ ಅಂಟಿಕೊಂಡು ಹೋಗುವುದಿಲ್ಲ. ಅಂಚಿನಲ್ಲೇ ಗುಂಡಿ, ಜಲ್ಲಿ, ಗಾಜು ಇರುವುದು. ಕೆಲಸದ ಜಾಗದಲ್ಲಿ ಸೈಕಲ್ಲಿಗೆ ನೆರಳು ಕೊಡಿಸಿಕೊಳ್ಳಲು ಮೂರು ತಿಂಗಳು ಹಿಡಿಯಿತು. ಶೆಡ್ಡು ಕಾರಿಗೆ, ಬೈಕಿಗೆ ಮಾತ್ರ ಅಂತ ನಿಯಮವಂತೆ. ಬಿಸಿಲಿಗೆ ಸೀಟು ಸುಡುತ್ತಿತ್ತು, ಮಳೆಗೆ ಚೈನು ತುಕ್ಕು ಹಿಡಿಯುತ್ತಿತ್ತು. ಕೇಳುತ್ತಲೇ ಇದ್ದೆ. ಈಗ ಕಂಬದ ಪಕ್ಕ ಮೂರು ಸೈಕಲ್ ನಿಲ್ಲುತ್ತವೆ. ಉಳಿದೆರಡು ಹೌಸ್‌ಕೀಪಿಂಗಿನ ಅಣ್ಣಂದಿರವು. ಅವರು ವರ್ಷಗಳಿಂದ ಸೈಕಲ್ಲಲ್ಲೇ ಬರುತ್ತಿದ್ದರು. ನಾನು ಕೇಳುವವರೆಗೆ ಅವರ ಸೈಕಲ್ಲೂ ಮಳೆಯಲ್ಲೇ ನಿಂತಿತ್ತು ಅನ್ನುವುದು ಮಾತ್ರ ಈಗಲೂ ಬೇಜಾರು ತರಿಸುತ್ತೆ.

ಆದರೆ ಆ ಇಪ್ಪತ್ತಾರು ನಿಮಿಷ ಇದೆಯಲ್ಲ, ಅದು ಪೂರ್ತಿ ನನ್ನದು. ಮೇ ತಿಂಗಳಲ್ಲಿ ಜಲಂಧರದಿಂದ ಬಿತ್ತನೆ ಆಲೂಗಡ್ಡೆ ಹೊತ್ತ ಲಾರಿಗಳು ಎಪಿಎಂಸಿಗೆ ಬರುತ್ತವೆ. ಪಕ್ಕದಲ್ಲಿ ಹಾದುಹೋದಾಗ ಗೋಣಿಚೀಲ, ಮಣ್ಣು, ಆಲೂಗಡ್ಡೆ ಬೆರೆತ ವಾಸನೆ. ಸ್ಕೂಟರಿನಲ್ಲಿ ಇಷ್ಟು ವರ್ಷ ಓಡಾಡಿದರೂ ಆ ವಾಸನೆ ನನಗೆ ಸಿಕ್ಕಿರಲಿಲ್ಲ. (ನಮ್ಮ ಸೈಕಲ್ಲುಗಳೂ ಜಾಸ್ತಿ ಆ ಪಂಜಾಬಿನಿಂದಲೇ, ಲೂಧಿಯಾನದಿಂದ ಬರುತ್ತವೆ.) ಇನ್ನು ಹಾಸನಾಂಬೆ ಗುಡಿಯ ಬಾಗಿಲು ತೆರೆದ ದಿನಗಳಲ್ಲಿ ಊರು ಹೇಗಿರುತ್ತೆ ಅಂತ ನಿನಗೆ ಗೊತ್ತು. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರದಿಂದ ದೀಪಾವಳಿ ಮುಗಿಯುವವರೆಗೆ ಕಾರುಗಳು ನಿಂತಲ್ಲೇ ನಿಲ್ಲುತ್ತವೆ. ನಾನು ಗಲ್ಲಿಯಿಂದ ಗಲ್ಲಿಗೆ ನುಸುಳಿ, ಕೆಲವು ಕಡೆ ಇಳಿದು ತಳ್ಳಿಕೊಂಡು, ಅದೇ ಹೊತ್ತಿಗೆ ಮನೆ ಸೇರಿದ್ದೆ.

ಈ ಸಲ ದೀಪಾವಳಿಗೆ ಬರುತ್ತೀಯಲ್ಲ? ಮೊದಲು ಬಾಲ್ಕನಿಯ ಟವೆಲ್ ತೆಗೆದು ನಿನ್ನ ಸೈಕಲ್ಲಿನ ವಾಲ್ವು ನೋಡು. ಸ್ಕೂಟರಿನದರಂತೆ ಇದ್ದರೆ ಪೆಟ್ರೋಲ್ ಬಂಕಿನಲ್ಲೇ ಗಾಳಿ ಹಿಡಿಸಬಹುದು. ಎಷ್ಟು ಹಿಡಿಸಬೇಕು ಅಂತ ಟೈರಿನ ಪಕ್ಕದಲ್ಲೇ ಅಂಕಿ ಬರೆದಿರುತ್ತೆ. ಚೈನಿಗೆ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸು. ಕ್ಯಾರಿಯರ್ ಹಾಕಿಸು.

ನೀನು ಬಂದಾಗ ಇನ್ನೊಂದು ಸೈಕಲ್ ಕೇಳಿ ಇಟ್ಟಿರುತ್ತೇನೆ. ಊರಿನಿಂದ ಹೈಸ್ಕೂಲಿನವರೆಗೆ ಹೋಗಿಬರೋಣ. ಕೆರೆ ಏರಿ ಈಗ ಡಾಂಬರಾಗಿದೆ.

ನಿನ್ನ ಗೆಳೆಯ