ಸೆನೆಗಲ್‌ನಿಂದ ಅಪ್ಪ ಅವ್ವನಿಗೆ

ತಿಯೆಸ್, ಸೆನೆಗಲ್

ಅಪ್ಪ, ಅವ್ವ, ಇಬ್ಬರಿಗೂ ನಮಸ್ಕಾರ. ನಾನು ಆರಾಮಾಗಿದ್ದೇನೆ.

ತರಬೇತಿ ಮುಗಿಯಿತು. ನಿನ್ನೆ ಪ್ರಮಾಣವಚನವೂ ಆಯಿತು. ಇನ್ನು 2 ವರ್ಷ ನಾನು ಪೀಸ್ ಕೋರ್‌ನ, ಅಂದರೆ ಸ್ವಯಂಸೇವಕರನ್ನು ಬೇರೆ ದೇಶಗಳಿಗೆ ಕಳಿಸುವ ಅಮೆರಿಕ ಸರ್ಕಾರದ ಸಂಸ್ಥೆಯ, ಕೃಷಿ ಸ್ವಯಂಸೇವಕಿ. ಈ ವಾರವೇ ಕೌಲಾಕ್ ಕಡೆಯ ಒಂದು ಹಳ್ಳಿಗೆ ಹೊರಡುತ್ತೇನೆ.

ಅಪ್ಪ, ಅಮೆರಿಕದ ಪೌರತ್ವ ಸಿಕ್ಕ ಮೇಲೆ ಕೈಯಲ್ಲಿದ್ದ ನೌಕರಿ ಬಿಟ್ಟೆ ಅಂತ ನಿಮಗೆ ಇನ್ನೂ ಬೇಸರ ಇದೆ, ಗೊತ್ತು. ಆದರೆ ನಮ್ಮ ದೇಶಕ್ಕೂ 1961ರಿಂದ 1976ರವರೆಗೆ ಇದೇ ಸಂಸ್ಥೆಯ ಹುಡುಗ ಹುಡುಗಿಯರು ಬರುತ್ತಿದ್ದರು. ಆಗಿನ ಮೈಸೂರು ರಾಜ್ಯದ ಹಳ್ಳಿಗಳಲ್ಲೂ ಇದ್ದರು. ಅವರ ಮನೆಯಲ್ಲೂ ಹೀಗೇ ಚಿಂತೆ ಮಾಡಿರಬೇಕು, ಅಲ್ವಾ?

ಅವ್ವ, ಊಟದ ಬಗ್ಗೆ ಯೋಚನೆ ಬೇಡ. ತರಬೇತಿಯಲ್ಲಿ ನಾನಿದ್ದ ಮನೆಯಲ್ಲಿ ಎಲ್ಲರೂ ಒಂದೇ ದೊಡ್ಡ ಬಟ್ಟಲಿನ ಸುತ್ತ ಕೂತು ಬಲಗೈಯಲ್ಲಿ ಉಣ್ಣುತ್ತಿದ್ದೆವು. ಮಧ್ಯಾಹ್ನ ಜಾಸ್ತಿ ಅನ್ನ, ಮೀನು. ನಾನು ಮೀನು ತಿನ್ನುವುದಿಲ್ಲ ಅಂತ ತಿಳಿದ ಮೇಲೆ ಆ ಮನೆಯ ತಾಯಿ ಗಜ್ಜರಿ, ಬದನೆಕಾಯಿ, ಎಲೆಕೋಸು ಮುರಿದು ಮುರಿದು ನನ್ನ ಮುಂದೆ ಹಾಕುತ್ತಿದ್ದರು. ಶೇಂಗಾ ಅರೆದು ಮಾಡುವ ಸಾರು ಬಹಳ ರುಚಿ. ನಮ್ಮ ಪುಂಡಿ ಗಿಡ ಇಲ್ಲೂ ಇದೆ. ಅದರ ಕೆಂಪು ಹೂದೊಟ್ಟು ಕುದಿಸಿ ಸಕ್ಕರೆ ಹಾಕಿ ಪಾನಕ ಮಾಡುತ್ತಾರೆ. ಮಲೇರಿಯಾ ಮಾತ್ರೆ ತಪ್ಪದೆ ತಗೋತೇನೆ, ಸೊಳ್ಳೆಪರದೆ ಇಲ್ಲದೆ ಮಲಗುವುದಿಲ್ಲ.

ಇನ್ನು ಅಪ್ಪನಿಗೆ ಹೇಳಬೇಕಾದ್ದು. ನಮ್ಮ ಸಜ್ಜೆಯ ಮೂಲ ಇದೇ ಪಶ್ಚಿಮ ಆಫ್ರಿಕಾ. ಸಾವಿರಾರು ವರ್ಷಗಳ ಹಿಂದೆ ಇಲ್ಲಿನ ರೈತರು ಕಾಡುಹುಲ್ಲಿನಿಂದ ಪಳಗಿಸಿದ ಬೆಳೆ ನಮ್ಮ ಹೊಲದವರೆಗೆ ಬಂದಿದೆ. ಇಲ್ಲಿ ಒಂದು ವರ್ಷ ಸಜ್ಜೆ, ಮರುವರ್ಷ ಶೇಂಗಾ. ಮಳೆ ಒಂದೇ, ಜೂನ್ ಕೊನೆಯಿಂದ ಅಕ್ಟೋಬರ್‌ವರೆಗೆ. ಮಳೆಗೆ ಮುಂಚೆಯೇ ಒಣ ಮಣ್ಣಲ್ಲಿ ಸಜ್ಜೆ ಬಿತ್ತಿಬಿಡುತ್ತಾರೆ. ಕೂರಿಗೆಯಂಥ ಯಂತ್ರವನ್ನು ಕುದುರೆ ಎಳೆಯುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹೊಲದ ನಡುವೆ ಅಲ್ಲಲ್ಲಿ ಬಿಟ್ಟಿರುವ ಕಾದ್ ಮರ. ಜಾಲಿಯ ಬಳಗದ್ದು, ಮುಳ್ಳಿದೆ. ಬೇಸಿಗೆಯಲ್ಲಿ ಉಳಿದ ಮರಗಳೆಲ್ಲ ಬೋಳಾದಾಗ ಇದು ಹಸಿರಾಗಿ ನಿಂತಿರುತ್ತದೆ. ಮಳೆ ಶುರುವಾದರೆ ಎಲೆ ಉದುರಿಸುತ್ತದೆ. ಹೀಗಾಗಿ ಬೆಳೆಗೆ ನೆರಳಿನ ಕಾಟವಿಲ್ಲ, ಮೇಲಿಂದ ಎಲೆಗೊಬ್ಬರವೂ ಸಿಗುತ್ತದೆ. ಬೇಸಿಗೆಯಲ್ಲಿ ದನ ಕುರಿ ಇದರ ಕಾಯಿ ತಿಂದು ಇದರಡಿಯಲ್ಲೇ ಮಲಗುತ್ತವೆ. ಸಗಣಿ, ಹಿಕ್ಕೆ ಅಲ್ಲೇ ಬೀಳುತ್ತದೆ. ಮರದ ಬುಡದ ಸಜ್ಜೆ ಬಯಲಿನದ್ದಕ್ಕಿಂತ ಚೆನ್ನಾಗಿ ಬರುತ್ತದೆ ಅಂತ ಇಲ್ಲಿನ ಹಿರಿಯರು ಕೈಯೆತ್ತಿ ಅಳತೆ ತೋರಿಸುತ್ತಾರೆ. ತಾನಾಗಿ ಹುಟ್ಟಿದ ಇದರ ಸಸಿಗಳು ಹೊಲ ಹಸನು ಮಾಡುವಾಗ ಕಿತ್ತು ಹೋಗುತ್ತವೆ. ಅವಕ್ಕೆ ಗುರುತು ಕಟ್ಟಿ, ರೈತರ ಜೊತೆ ಸೇರಿ ಉಳಿಸಿಕೊಳ್ಳುವುದು ನನ್ನ ಕೆಲಸದ ಒಂದು ಭಾಗ. ಒಳ್ಳೆ ಸಜ್ಜೆ, ಅಲಸಂದಿ ಬೀಜ ಕೊಟ್ಟು ಹೊಲದಲ್ಲೇ ಹೋಲಿಸಿ ನೋಡುವುದು ಇನ್ನೊಂದು. ಇದು ದೊಡ್ಡ ಕೆಲಸ ಅಂತಲೇ ನಾನು ನಂಬಿದ್ದೇನೆ, ಅಪ್ಪ.

ನಿಮ್ಮಿಂದ ಒಂದು ಸಹಾಯ ಬೇಕು. ಸಜ್ಜೆಯಲ್ಲಿ ಅಲಸಂದಿ ಅಕ್ಕಡಿ ಹಾಕುವಾಗ ನೀವು ಎಷ್ಟು ಸಾಲಿಗೊಂದು ಹಾಕುತ್ತಿದ್ದಿರಿ? ಎರಡನ್ನೂ ಒಂದೇ ದಿನ ಬಿತ್ತುತ್ತಿದ್ದಿರಾ, ಅಥವಾ ಅಲಸಂದಿ ತಡವಾಗಿಯಾ? ಹಳ್ಳಿಯಲ್ಲಿ ಬಿತ್ತನೆ ಶುರುವಾಗುವ ಮೊದಲು ತಮ್ಮನ ಕೈಲಿ ಬರೆಸಿ ಕಳಿಸಿ.

ನಿಮ್ಮ ಮಗಳು,
ಸುಮಾ