ಈ ಭಾನುವಾರ ಡಬ್ಬಿ-ಮುಚ್ಚಳಗಳ ಸರದಿ

ಎಲ್ಲರಿಗೂ ನಮಸ್ಕಾರ. ಅಡುಗೆಮನೆ ಹಗುರ ಮಾಡಲು ಹೆಸರು ಕೊಟ್ಟವರು ಭಾನುವಾರ ಬೆಳಿಗ್ಗೆ 10ಕ್ಕೆ ಅವರವರ ಮನೆಯಲ್ಲೇ ಶುರುಮಾಡಿ. ಡಬ್ಬಿಗಳ ಕಪಾಟು ಒಂದೇ ಸಾಕು. ಎಲ್ಲ ಒಟ್ಟಿಗೆ ಹರವಿದರೆ ಅಡುಗೆ ಹೊತ್ತಿಗೆ ಸಿಕ್ಕಲ್ಲಿ ತುರುಕುವುದೇ ಆಗುತ್ತದೆ.

ಪ್ರತಿ ಡಬ್ಬಿಗೂ ಮುಚ್ಚಳ ಹಾಕಿ ನೋಡಿ. ಜೋಡಿಯಿಲ್ಲದ್ದು, ಬಿರುಕು ಬಿಟ್ಟದ್ದು ಹೊರಗೆ. ಮುಚ್ಚಳದ ರಬ್ಬರ್ ಉಂಗುರ ಬಿಚ್ಚಿ ತೊಳೆದು ಪೂರ್ತಿ ಒಣಗಿಸಿ, ಪಸೆ ಉಳಿದರೆ ಬೂಸ್ಟು ಹಿಡಿಯುತ್ತದೆ. ಹಳೆಯ ಹಿಟ್ಟಿನ ಮೇಲೆ ಹೊಸದು ಸುರಿಯಬೇಡಿ. ತಳದ ಹುಳು ಮೇಲಕ್ಕೂ ಹತ್ತುತ್ತದೆ. ಬೇಕೋ ಬೇಡವೋ ಅನ್ನಿಸಿದವು ತಾರೀಖು ಬರೆದ ಪೆಟ್ಟಿಗೆಗೆ. 30 ದಿನ ಕೈಹಾಕದಿದ್ದರೆ ಕೊಟ್ಟುಬಿಡಿ. (ವರ್ಷಕ್ಕೊಮ್ಮೆ ಇಳಿಸುವ ದೊಡ್ಡ ಪಾತ್ರೆಗೆ ಈ ಲೆಕ್ಕ ಬೇಡ!)

ಹೊಸ ಡಬ್ಬಿ ಸೆಟ್ ಈಗಲೇ ಕೊಳ್ಳಬೇಡಿ, ದಯವಿಟ್ಟು. ಸೇರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿ ‘ಹೂಂ’ ಅಂತ ಹಾಕಿ.