ಫಾರ್ಮ್ಯಾಟ್ ಮಾಡುವ ಮುಂಚೆ ಕೀಲಿ ಕೇಳುತ್ತೇವೆ

ಪ್ರಿಯ ಗ್ರಾಹಕರೇ,

ಹೊಸದಾಗಿ ವಿಂಡೋಸ್ ಹಾಕಿಸಲು ಬಂದವರನ್ನು ಇನ್ನು ಮುಂದೆ ನಾವು ಒಂದು ಮಾತು ಕೇಳುತ್ತೇವೆ: ಎನ್‌ಕ್ರಿಪ್ಟ್ ಮಾಡಿದ, ಅಂದರೆ ಬೇರೆಯವರು ಓದದಂತೆ ಬೀಗ ಹಾಕಿದ ಫೈಲ್ ಏನಾದರೂ ಇದೆಯಾ, ಇದ್ದರೆ ಅದರ ಕೀಲಿ ಎಲ್ಲಿದೆ? ಉತ್ತರ ಸಿಗುವವರೆಗೆ ಸಿ ಡ್ರೈವ್ ಅಳಿಸುವುದಿಲ್ಲ. ಕೆಲಸ ಸ್ವಲ್ಪ ತಡವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಇತ್ತೀಚೆಗೆ ಒಬ್ಬರ ಕಂಪ್ಯೂಟರ್‌ನಲ್ಲಿ ಎಂದಿನಂತೆ ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡಿದೆವು. ಫೈಲ್‌ಗಳಿದ್ದ ಡಿ ಡ್ರೈವ್ ಮುಟ್ಟಲೇ ಇಲ್ಲ. ಆಮೇಲೆ ನೋಡಿದರೆ ಫೈಲ್‌ಗಳೆಲ್ಲ ಇವೆ, ಒಂದೂ ತೆರೆಯುತ್ತಿಲ್ಲ. ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಇಟ್ಟೇ ಖಾತೆ ಮಾಡಿದೆವು. ಊಹೂಂ. ಕೇಳದೆ ಅಳಿಸಿದ್ದು ನಮ್ಮ ತಪ್ಪು.

ಆಗಿದ್ದಿಷ್ಟು. ವಿಂಡೋಸ್ 2000ದಿಂದ ಇಎಫ್‌ಎಸ್ ಎಂಬ ಸೌಲಭ್ಯವಿದೆ. ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಒಂದು ಟಿಕ್ ಹಾಕಿದರೆ ಫೈಲ್‌ಗಳಿಗೆ ಬೀಗ ಬೀಳುತ್ತದೆ. ನೀವು ಲಾಗಿನ್ ಆಗಿರುವಾಗ ಅವು ಸುಮ್ನೆ ತೆರೆದುಕೊಳ್ಳುತ್ತವೆ, ಹಾಗಾಗಿ ಬೀಗ ಹಾಕಿದ್ದೇ ಮರೆತುಹೋಗುತ್ತದೆ. ಕೀಲಿ ಇರುವುದು ಮಾತ್ರ ಸಿ ಡ್ರೈವ್‌ನಲ್ಲಿ, ನಿಮ್ಮ ಖಾತೆಯ ಒಳಗೆ. ಸಿ ಹೋದರೆ ಕೀಲಿಯೂ ಹೋಯಿತು. ಹೆಸರು ಒಂದೇ ಆದರೂ ಹೊಸ ಖಾತೆ ವಿಂಡೋಸ್‌ಗೆ ಬೇರೆ ಮನುಷ್ಯ. ಅಡ್ಮಿನ್ ಆಗಿ ಫೈಲ್‌ನ ಒಡೆತನ ತೆಗೆದುಕೊಂಡರೆ ಅಳಿಸಬಹುದು, ಓದಲು ಆಗುವುದಿಲ್ಲ.

ಫೈಲ್ ಹೆಸರು ಹಸಿರಾಗಿದ್ದರೆ ಅಥವಾ ಐಕಾನ್ ಮೇಲೆ ಪುಟ್ಟ ಬೀಗ ಕಂಡರೆ ಅದು ಇಎಫ್‌ಎಸ್. ಸ್ಟಾರ್ಟ್ ಮೆನುವಿನಲ್ಲಿ 'ಮ್ಯಾನೇಜ್ ಫೈಲ್ ಎನ್‌ಕ್ರಿಪ್ಷನ್ ಸರ್ಟಿಫಿಕೇಟ್ಸ್' ಹುಡುಕಿ, ಕೀಲಿಯ ಬ್ಯಾಕಪ್ ತೆಗೆಯಿರಿ. ಪಿಎಫ್‌ಎಕ್ಸ್ ಎಂಬ ಒಂದು ಸಣ್ಣ ಫೈಲ್ ಸಿಗುತ್ತದೆ. ಅದನ್ನು ಪೆನ್ ಡ್ರೈವ್‌ನಲ್ಲಿಡಿ. ಅದೇ ಸಿ ಡ್ರೈವ್‌ನಲ್ಲಿಟ್ಟರೆ ಏನು ಬಂತು, ಅಲ್ವಾ? ಬ್ಯಾಕಪ್ ತೆಗೆಯುವಾಗ ಆ ಫೈಲ್‌ಗೆ ಕೊಟ್ಟ ಪಾಸ್‌ವರ್ಡ್ ನಮಗೆ ಹೇಳಬೇಡಿ. ಫಾರ್ಮ್ಯಾಟ್‌ಗೆ ಮುಂಚೆ ಬೇರೊಂದು ಖಾತೆಯಲ್ಲಿ ಆ ಕೀಲಿ ಹಾಕಿ, ಒಂದು ಫೈಲ್ ತೆರೆದು ನಿಮ್ಮೆದುರೇ ಪರೀಕ್ಷಿಸುತ್ತೇವೆ. ಪಾಸ್‌ವರ್ಡ್ ಆಗ ನೀವೇ ಟೈಪ್ ಮಾಡಿ.

ಬಿಟ್‌ಲಾಕರ್ (ಇಡೀ ಡ್ರೈವ್‌ಗೇ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದವರು 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಂಡು ಬಂದರೆ ಸಾಕು.

ಈಗಾಗಲೇ ಫಾರ್ಮ್ಯಾಟ್ ಮಾಡಿಸಿ ಫೈಲ್ ತೆರೆಯದೆ ಒದ್ದಾಡುತ್ತಿರುವವರು ಆ ಫೈಲ್‌ಗಳನ್ನು ಅಳಿಸಬೇಡಿ. ಸಿ ಡ್ರೈವ್‌ನಲ್ಲಿ ಖಾತೆಗಳನ್ನು ಇಡುವ ಹಳೆಯ ಯೂಸರ್ಸ್ ಫೋಲ್ಡರ್‌ನ ಪೂರ್ತಿ ಪ್ರತಿ ಎಲ್ಲಾದರೂ ಇದ್ದು, ಆಗಿನ ಪಾಸ್‌ವರ್ಡ್ ನೆನಪಿದ್ದರೆ ಕೀಲಿ ಅದರೊಳಗೇ ಇರಬಹುದು. ತನ್ನಿ, ನೋಡೋಣ.

ಇಂತಿ,
ನಿಮ್ಮ ಕಂಪ್ಯೂಟರ್ ರಿಪೇರಿ ಬಳಗ